ವಾಚಿನ ಅನುಮಾನ, ಎರಡು ದಿನದ ಕೂಲಿ

ಜ್ವರ ಬರುತ್ತಿದೆ ಎಂಬುದು ಎಷ್ಟೋ ಸಲ ನಮಗಿಂತ ಮೊದಲು ನಮ್ಮ ಮೈಗೆ ಗೊತ್ತಾಗಿರುತ್ತದೆ. ಸೋಂಕು ತಗುಲಿದಾಗ ಸುಮ್ಮನೆ ಮಲಗಿದ್ದರೂ ಎದೆಬಡಿತ ಏರುತ್ತದೆ, ಮೈ ತುಸು ಬಿಸಿಯಾಗುತ್ತದೆ. ಸ್ಮಾರ್ಟ್ ವಾಚು ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು ಆ ಬಡಿತವನ್ನು ಎಣಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಮೈಕಲ್ ಸ್ನೈಡರ್ ಅವರ ತಂಡ 2020ರಲ್ಲಿ ಕೋವಿಡ್ ತಗುಲಿದ್ದ 32 ಜನರ ವಾಚಿನ ದಾಖಲೆ ನೋಡಿದಾಗ 26 ಮಂದಿಯಲ್ಲಿ ಇಂಥ ಏರುಪೇರು ಕಂಡಿತು. ಹಲವರಲ್ಲಿ ಕೆಮ್ಮು, ಜ್ವರ ಶುರುವಾಗುವ ಮೊದಲೇ.

ಆದರೆ ನಿದ್ದೆಗೆಟ್ಟರೂ, ಕುಡಿದರೂ, ಹೆದರಿದರೂ ಎದೆಬಡಿತ ಏರುತ್ತದೆ. ಹಾಗಾಗಿ ವಾಚು ಕೊಡುವುದು ರೋಗದ ಸುದ್ದಿಯನ್ನಲ್ಲ, ಬರೀ ಅನುಮಾನವನ್ನು. ಅನುಮಾನವೊಂದು ಕರ್ತವ್ಯವಾಗುವುದು ಯಾವಾಗ?

ನನ್ನ ಮಟ್ಟಿಗೆ ಉತ್ತರ ಸುಲಭ. ವಾಚು ಎಚ್ಚರಿಸಿದ ದಿನ ವಿಜಯನಗರದಲ್ಲಿ ಮೆಟ್ರೋ ಹತ್ತದೆ ಮನೆಯಲ್ಲೇ ಕೂತು ಓದಿಕೊಳ್ಳಬಹುದು. ನನ್ನ ಫೆಲೋಶಿಪ್ಪಿಗೆ ಕತ್ತರಿ ಬೀಳುವುದಿಲ್ಲ. ಅದೇ ವಾಚನ್ನು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸಿನ ಕೈಗೆ ಕಟ್ಟಿ ನೋಡಿ. ಇಎಸ್ಐ ವಂತಿಗೆ ಸರಿಯಾಗಿ ಕಟ್ಟಿರುವ ಕಾರ್ಮಿಕರಿಗೆ, ವೈದ್ಯರು ಕಾಯಿಲೆಯೆಂದು ಬರೆದುಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಇನ್ನು ಕೆಮ್ಮೂ ಇಲ್ಲದ, ಜ್ವರವೂ ಕಾಣದ ಬರೀ ಅನುಮಾನಕ್ಕೆ ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ಯಾವ ವೈದ್ಯರು ತಾನೇ ಸರ್ಟಿಫಿಕೇಟ್ ಬರೆದಾರು? ವಾಚಿನ ಎಚ್ಚರಿಕೆ ಬೆಲೆಬಾಳುವುದು ಆ ದಿನಗಳಲ್ಲೇ.

ವೈರಸ್ಸಿಗೆ ಬಡತನ ತಿಳಿಯುವುದಿಲ್ಲ, ಬಸ್ಸಿನಲ್ಲಿ ಅವಳ ಪಕ್ಕ ಕೂತ ಅಜ್ಜಿಗೂ ಅದು ಅಂಟುತ್ತದೆ ಎನ್ನಬಹುದು. ನಿಜ. ಅಜ್ಜಿಯ ಜೀವಕ್ಕೆ ಬೆಲೆಯಿದೆ. ಆದರೆ ಆ ಬೆಲೆಯನ್ನು ಆಕೆಯೊಬ್ಬಳೇ ತೆರಬೇಕೇ? ಅವಳು ಮನೆಯಲ್ಲುಳಿದರೆ ಲಾಭ ಬಸ್ಸಿನಲ್ಲಿರುವ ಎಲ್ಲರಿಗೂ. ನಷ್ಟ ಮಾತ್ರ ಅವಳೊಬ್ಬಳಿಗೆ.

ಹಣದ ಮಾತು ಬಿಟ್ಟು ಬರೀ ಕಾವಲಿಗೆ ಹೊರಟರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲಿ ಕ್ವಾರಂಟೈನ್ ಆದವರ ಕೈಗೆ ಮುದ್ರೆ ಒತ್ತಿತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಲು ಹೇಳಿತು. ತುರ್ತಿತ್ತು, ಒಪ್ಪೋಣ. ಆದರೆ ನಾಳೆ ವಾಚಿನ ಅನುಮಾನ ಧರಿಸಿದವರಿಗಿಂತ ಮೊದಲು ಮಾಲೀಕರಿಗೋ ಅಧಿಕಾರಿಗೋ ತಲುಪುವಂತಾದರೆ ಜನ ವಾಚನ್ನೇ ಬಿಚ್ಚಿಡುತ್ತಾರೆ. ಸುದ್ದಿ ಮೊದಲು ಆ ಮೈಯವರದ್ದಾಗಬೇಕು. ಆಮೇಲೆ ರಜೆ, ಪರೀಕ್ಷೆ, ಕೂಲಿ ಅದರ ಹಿಂದೆಯೇ ಬರಬೇಕು.

ಆ ಎರಡು ದಿನದ ಕೂಲಿ ಕೊಡುವವರು ಯಾರೆಂದು ತೀರ್ಮಾನವಾಗುವವರೆಗೆ, ‘ಗೊತ್ತಿದ್ದೂ ಯಾಕಮ್ಮ ಬಂದೆ’ ಎಂದು ಅವಳನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ.