ನಮ್ಮದೇನೈತಿ ಮುಚ್ಚಿಡಾಕ?

ಕಳೆದ ರವಿವಾರ ಐರೋಲಿಯಿಂದ ಗೆಳೆಯನೊಬ್ಬ ಶಹಾಡಿನ ನಮ್ಮ ಮನೆಗೆ ಬಂದಿದ್ದ. ಐಟಿ ಕಂಪನಿಯಲ್ಲಿ ಕೆಲಸ, ಊರು ಇಂಡಿ ತಾಲೂಕು. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಅವನ ಮೊಬೈಲ್ ನಂಬರು ಬರೆದುಕೊಂಡು, ಮುಖದ ಫೋಟೋ ತೆಗೆದು, ಆ್ಯಪಿಗೆ ಹಾಕಿದ ಮೇಲೆಯೇ ಒಳಗೆ ಬಿಟ್ಟ. ಚಹಾ ಕುಡಿಯುತ್ತ ನಾನು ಅದರ ಬಗ್ಗೆ ಗೊಣಗಿದೆ. ಅವನು ನಕ್ಕುಬಿಟ್ಟ. "ಅಣ್ಣಾ, ನಾವೇನು ಕಳ್ಳರಾ? ನಮ್ಮದೇನೈತಿ ಮುಚ್ಚಿಡಾಕ? ಸೊಸೈಟಿ ನೋಡ್ಲಿ, ಸರ್ಕಾರ ನೋಡ್ಲಿ."

ಆಧಾರ್ ಇರಲಿ, ಸಿಸಿಟಿವಿ ಇರಲಿ, ಯಾವ ಚರ್ಚೆಯಲ್ಲೂ ಈ ಮಾತು ಬಂದೇ ಬರುತ್ತದೆ. ನೀವೂ ಕೇಳಿರುತ್ತೀರಿ, ಆಡಿಯೂ ಇರುತ್ತೀರಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಮುಚ್ಚಿಡುವಂಥದ್ದು ನನ್ನ ಬಳಿ ಏನೂ ಇಲ್ಲ. ಮುಚ್ಚಿಟ್ಟು ರೂಢಿಯೂ ಇಲ್ಲ, ಬೆಳೆದದ್ದು ಚಾಳಿನಲ್ಲಿ.

ಸ್ಟೇಶನ್ನಿನ ಹತ್ತಿರದ ಆ ಚಾಳಿನಲ್ಲಿ ನಮ್ಮ ಖೋಲಿಗೂ ಪಕ್ಕದ ಮಾವಶಿಯ ಖೋಲಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅಪ್ಪನ ಪಗಾರ ತಡವಾದದ್ದು, ನಾನು ಗಣಿತದಲ್ಲಿ ನಪಾಸಾದದ್ದು ಎಲ್ಲ ಮಾವಶಿಗೆ ಗೊತ್ತು. ಅವರ ಮಗ ಕುಡಿದು ಬರುವುದು, ಅವರು ಬಳೆ ಅಡವಿಟ್ಟದ್ದು ನಮಗೂ ಗೊತ್ತು. ಒಬ್ಬರ ಗುಟ್ಟು ಇನ್ನೊಬ್ಬರ ಕೈಯಲ್ಲಿ ಇದ್ದುದರಿಂದ ಇಬ್ಬರ ಗುಟ್ಟೂ ಚಾಳು ದಾಟಲಿಲ್ಲ. ಇನ್ನೊಂದು ನಿಯಮವೂ ಇತ್ತು. ಬಾಗಿಲಿಗೆ ಪರದೆ ಇಳಿಬಿಟ್ಟಿದ್ದರೆ ಯಾರೂ ಒಳಗೆ ನುಗ್ಗುತ್ತಿರಲಿಲ್ಲ. ಹೊರಗೆ ನಿಂತು ಕೂಗುವುದು, ಅವ್ವ ಒಳಗಿನಿಂದ ಓಗೊಟ್ಟ ಮೇಲೆ ಕಾಲಿಡುವುದು.

ಖಾಸಗಿತನ ಉಳ್ಳವರ ಶೋಕಿ ಎನ್ನುವವರನ್ನು ಕಂಡಾಗ ನನಗೆ ಆ ಪರದೆ ನೆನಪಾಗುತ್ತದೆ. ಸುಪ್ರೀಂ ಕೋರ್ಟಿನಲ್ಲೂ ಈ ವಾದ ಬಂದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ, ಖಾಸಗಿತನ ಎಂಬ ಮೂಲಭೂತ ಹಕ್ಕೇ ಸಂವಿಧಾನದಲ್ಲಿ ಇಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ 'ಇದೆ' ಎಂದಿತು. ಬಡವರಿಗೆ ಹೊಟ್ಟೆಪಾಡು ಮುಖ್ಯ, ಇಂಥ ಹಕ್ಕುಗಳಲ್ಲ ಎಂಬ ತರ್ಕವನ್ನೂ ತಳ್ಳಿಹಾಕಿತು. ಮರುವರ್ಷ ಆಧಾರ್ ಬಹುಮಟ್ಟಿಗೆ ಊರ್ಜಿತವಾಯಿತು. ಆದರೆ ಖಾಸಗಿ ಕಂಪನಿಗಳಿಗೆ ಅದನ್ನು ಬಳಸಲು ದಾರಿ ಮಾಡಿಕೊಟ್ಟಿದ್ದ 57ನೇ ಕಲಮಿನ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

"ಅವೆಲ್ಲ ಕೋರ್ಟಿನ ಮಾತು ಅಣ್ಣಾ. ತಪ್ಪು ಮಾಡದವರಿಗೆ ಏನು ಭಯ?" ಎಂದ ಗೆಳೆಯ.

ನಾನು ಪಾಲ್ಘರ್ ನೆನಪಿಸಿದೆ. ಆಗ ಅದೂ ನಮ್ಮ ಠಾಣೆ ಜಿಲ್ಲೆಯಲ್ಲೇ ಇತ್ತು. 2012ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡು ಮುಂಬಯಿ ಸ್ತಬ್ಧವಾದಾಗ, ಅಲ್ಲಿನ ಯುವತಿಯೊಬ್ಬಳು ಆ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು, ಅಷ್ಟೇ. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಮುಂದೆ ಆ ಪ್ರಕರಣ ಕೈಬಿಟ್ಟರು, ನಿಜ. ಅದನ್ನು ಕಂಡು ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ರದ್ದಾಯಿತು. ಆ ಹುಡುಗಿಯರು ಏನನ್ನೂ ಮುಚ್ಚಿಟ್ಟಿರಲಿಲ್ಲ. ತಪ್ಪು ಮಾಡಿದ್ದೇವೆಂಬ ಯೋಚನೆಯೂ ಅವರಿಗೆ ಇದ್ದಿರಲಾರದು. ಯಾವುದು ತಪ್ಪು ಎಂದು ನಿರ್ಧರಿಸುವವರು ನೋಡುವವರು, ನೋಡಿಸಿಕೊಳ್ಳುವವರಲ್ಲ. ಅದೂ ನೋಡಿಯಾದ ಮೇಲೆ.

ಗೆಳೆಯ ಸುಮ್ಮನಾಗುವವನಲ್ಲ. "2006ರ ಜುಲೈ 11 ಮರೆತ್ರಾ? ಲೋಕಲ್‌ನಾಗ ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರಲ್ಲ. ಸ್ಟೇಶನ್‌ನಾಗ ಕ್ಯಾಮೆರಾ ಬೇಡ ಅಂತೀರಾ?"

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮಗಳು ರಾತ್ರಿ ಹತ್ತರ ಮೇಲೆ ಕಸಾರಾ ಲೋಕಲ್ ಹಿಡಿದು ಬರುತ್ತಾಳೆ. ಪ್ಲಾಟ್‌ಫಾರ್ಮಿನ ಕ್ಯಾಮೆರಾ ಕಂಡರೆ ನನಗೂ ಸಮಾಧಾನವೇ. ಹಾಗಾದರೆ ನನ್ನ ತಕರಾರು ಏನು?

ಯೋಚಿಸಿದಾಗ ಮತ್ತೆ ಆ ತಗಡಿನ ಗೋಡೆಯೇ ನೆನಪಾಯಿತು. ಮಾವಶಿಗೆ ನಮ್ಮ ಬದುಕು ಕೇಳಿಸುತ್ತಿದ್ದುದು ನಮಗೆ ಹಿಂಸೆ ಅನ್ನಿಸಿರಲಿಲ್ಲ, ಏಕೆಂದರೆ ಅವರ ಬದುಕೂ ನಮಗೆ ಕೇಳಿಸುತ್ತಿತ್ತು. ಸರ್ಕಾರ ಮತ್ತು ನನ್ನ ನಡುವಿನ ಗೋಡೆ ಹಾಗಿಲ್ಲ. ನನ್ನ ಬೆರಳು, ಕಣ್ಣು, ಬ್ಯಾಂಕು, ಬಾಡಿಗೆ ಎಲ್ಲ ಅತ್ತ ಕಾಣುತ್ತದೆ. ಅತ್ತ ಯಾರು ಕೂತಿದ್ದಾರೆ, ಏನು ಬರೆದುಕೊಂಡರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಇತ್ತ ಕಾಣುವುದಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆ ಈ ಗೋಡೆಗೆ ಒಂದು ಕಿಂಡಿ ಕೊರೆದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಖಾಸಗಿತನ ಕಾಯಲೆಂದೇ ಬಂದದ್ದು. ಆದರೆ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಕಾರಣ ಕೊಟ್ಟು ತನ್ನ ಸಂಸ್ಥೆಗಳನ್ನೇ ಅದರಿಂದ ಹೊರಗಿಡುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಮಾಹಿತಿ ಹಕ್ಕಿನ 8(1)(ಜೆ) ಕಲಮಿನಲ್ಲಿ, ಸಾರ್ವಜನಿಕ ಹಿತ ದೊಡ್ಡದಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಎಂಬ ಮಾತಿತ್ತು, ಅದನ್ನೂ ಅಳಿಸಿದೆ. 8(2)ರಲ್ಲಿ ಇನ್ನೊಂದು ದಾರಿ ಉಳಿದಿದೆ ಎನ್ನುವುದೂ ನಿಜ. ಆದರೂ ಖಾಸಗಿತನದ ಹೆಸರಿನಲ್ಲಿ ಪರದೆ ಇಳಿದದ್ದು ಅಧಿಕಾರಿಯ ಬಾಗಿಲಿಗೆ, ನನ್ನದಕ್ಕಲ್ಲ ಅನ್ನಿಸುತ್ತದೆ.

ಹಾಗಾಗಿ ಗೆಳೆಯನಿಗೆ ಇಷ್ಟೇ ಹೇಳಿದೆ: "ತಮ್ಮಾ, ಮುಚ್ಚಿಡಾಕ ಏನೈತಿ ಅಂತ ನಮ್ಮನ್ನ ಕೇಳೂದು ಸರಿ. ಅದೇ ಪ್ರಶ್ನೆ ಅವರನ್ನೂ ಕೇಳಾಕ ಆಗ್ತದೇನು? ಆಗ್ತದ ಅಂದ್ರ ಕ್ಯಾಮೆರಾ ಇರಲಿ."

ಅವನು ಒಪ್ಪಲಿಲ್ಲ. ಆದರೆ ಅವನನ್ನು ಬಿಟ್ಟು ಬರಲು ಕೆಳಗಿಳಿದಾಗ ಗೇಟಿನಲ್ಲಿ ನಿಂತು ವಾಚ್‌ಮನ್‌ನನ್ನು ಹಿಂದಿಯಲ್ಲಿ ಕೇಳಿದ: "ಭಯ್ಯಾ, ಬೆಳಿಗ್ಗೆ ತೆಗೆದ ನನ್ನ ಫೋಟೋ ಎಲ್ಲಿ ಹೋಗುತ್ತದೆ?" ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಅವನಿಂದಲೂ ಆಧಾರಿನ ಝೆರಾಕ್ಸ್ ಇಸಿದುಕೊಂಡಿದ್ದರಂತೆ. ಅದು ಈಗ ಯಾರ ಬಳಿ ಇದೆಯೋ, ಅದೂ ಅವನಿಗೆ ಗೊತ್ತಿಲ್ಲ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಇಬ್ಬರ ಪರವಾಗಿಯೂ ನಾನೇ ಕೇಳುತ್ತೇನೆ ಎಂದು ಹೇಳಿ ಬಂದಿದ್ದೇನೆ.