ಕಾಣದ ಕೆಲಸದಲ್ಲಿ ಪ್ರಾಮಾಣಿಕತೆ

ಯಾರೂ ನೋಡಲಾರದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಪೂರ್ತಿ ಕೂಲಿಯನ್ನು ತೆಗೆದುಕೊಂಡವನು ಯಾರಿಗೆ ಅನ್ಯಾಯ ಮಾಡಿದನು? ವಸ್ತುವು ಹೇಗೂ ನಡೆಯುತ್ತದಲ್ಲಾ ಎಂದು ಕೆಲವರು ಹೇಳುವರು. ಈ ಮಾತನ್ನು ಅಮೇರಿಕ ದೇಶದ ಒಂದು ಕಸುಬಿನಿಂದ ಪರೀಕ್ಷಿಸೋಣ.

ಆ ದೇಶದಲ್ಲಿ ಕೆಲವರು ತಮ್ಮ ಮನೆಯ ಚಿಕ್ಕ ಕಾರ್ಯಶಾಲೆಯಲ್ಲಿ ಲೇಥ್ ಯಂತ್ರವನ್ನಿಟ್ಟು, ಕಾರ್ಖಾನೆಯಲ್ಲಿ ಮಾಡಿದ ರೈಫಲ್ ಕೋವಿಗಳನ್ನು ಸರಿಪಡಿಸುತ್ತಾರೆ. ಇದನ್ನು ಕಸುಬಾಗಿ ನಡಿಸುವವರಿಗೆ 1968ರ ಕಾನೂನಿನ ಪ್ರಕಾರ ಸರಕಾರದ ಪರವಾನಗಿ ಬೇಕು. 1962ರಲ್ಲಿ ಹೊರಬಂದ ರೆಮಿಂಗ್ಟನ್ 700 ಎಂಬ ಕೋವಿಯನ್ನು ನೋಡಿರಿ. ಅದರ ನಳಿಗೆಯ ಹಿಂದೆ ರಿಸೀವರ್ ಎಂಬ ಉಕ್ಕಿನ ಕೊಳವೆಯೂ, ಅದರೊಳಗೆ ಅಗುಳಿಯಂತೆ ಹಿಂದುಮುಂದಕ್ಕೆ ಸರಿಯುವ ಬೋಲ್ಟೂ ಉಂಟು. ಬೋಲ್ಟಿನ ತುದಿಯಲ್ಲಿ ಕಿವಿಗಳಂಥ ಎರಡು ಚಾಚುಗಳು ರಿಸೀವರಿನ ಒಳಗಿನ ಪೀಠಗಳಿಗೆ ಒತ್ತಿಕೊಂಡು ಬೀಗವಾಗುತ್ತವೆ. .308 ವಿಂಚೆಸ್ಟರ್ ತೋಟೆಯು ಸಿಡಿಯುವಾಗ ಒತ್ತಡವು ಚದರ ಅಂಗುಲಕ್ಕೆ 62,000 ಪೌಂಡಿನ ವರೆಗೂ ಏರಬಹುದು. ಬೋಲ್ಟಿನ ಮೇಲೆ ಬೀಳುವ ಆ ಭಾರವನ್ನು ಮುಖ್ಯವಾಗಿ ಈ ಎರಡು ಕಿವಿಗಳೇ ಹೊರುತ್ತವೆ.

ಕಾರ್ಖಾನೆಯು ಸಾವಿರಾರು ಕೋವಿಗಳನ್ನು ಮಾಡುವದರಿಂದ, ಒಂದೊಂದು ಭಾಗವೂ ಇಷ್ಟರ ಮಟ್ಟಿಗೆ ಹೆಚ್ಚುಕಡಿಮೆಯಾಗಬಹುದೆಂದು ಮೇರೆಯನ್ನಿಟ್ಟುಕೊಳ್ಳುತ್ತದೆ. ಆ ಮೇರೆಯೊಳಗೆ ರಿಸೀವರಿನ ಮುಖವು ತುಸು ಓರೆಯಾಗಿರಬಹುದು. ಒಂದು ಕಿವಿಯು ತಗಲಿ ಇನ್ನೊಂದು ಕೂದಲೆಳೆಯಷ್ಟು ಬಿಟ್ಟು ನಿಲ್ಲಬಹುದು. ಇಂಥ ಕೋವಿಯು ಬೇಟೆಗೆ ಸಾಲುತ್ತದೆ. ದೂರದ ಗುರಿಗೆ ಹೊಡೆದರೆ ಗುಂಡುಗಳು ಚದರಬಹುದು.

ಸರಿಪಡಿಸುವವನು ಬೋಲ್ಟು ಓಡುವ ದಾರಿಯಲ್ಲಿ ಬಿಗಿಯಾಗಿ ಹೊಂದುವ ನೇರವಾದ ಸರಳನ್ನು ತೂರಿಸಿ, ಅದರ ನಡುಗೆರೆಯನ್ನೇ ನೂಲುಗುಂಡಿನ ದಾರದಂತೆ ಆಧಾರಮಾಡಿಕೊಳ್ಳುತ್ತಾನೆ. ಅಂಗುಲದ ಸಾವಿರದಲ್ಲೊಂದು ಪಾಲನ್ನೂ ತೋರಿಸುವ ಮುಳ್ಳಿನ ಮಾಪಕವನ್ನು ನೋಡುತ್ತಾ ಮುಖವನ್ನೂ ಪೀಠಗಳನ್ನೂ ಕಿವಿಗಳನ್ನೂ ನಳಿಗೆ ಕೂಡುವ ತಿರುಪನ್ನೂ ಕಡೆಯುತ್ತಾನೆ. ಒಂದು ಮುಖವನ್ನು ಇನ್ನೊಂದಕ್ಕೆ ಹೋಲಿಸಿ ಸಮಮಾಡಿದರೆ ಸಾಲದು. ಯಾಕಂದರೆ ಎರಡೂ ಓರೆಯಾಗಿದ್ದು ಒಂದಕ್ಕೊಂದು ಹೊಂದಿಕೊಂಡಾವು. ಹೆಚ್ಚು ಕಡೆಯುವದೂ ತಪ್ಪೇ. ಕಿವಿಗಳಿಂದ ಉಕ್ಕು ಹೋದಷ್ಟೂ ಬೋಲ್ಟು ಹಿಂದಕ್ಕೆ ಸರಿದು ತೋಟೆಗೆ ಎಡೆಯು ಹೆಚ್ಚಾಗಿ ಅಪಾಯವಾದೀತು. ಆದದರಿಂದ ನಳಿಗೆಯನ್ನು ಕೂಡಿಸುವಾಗ ಎರಡು ಅಳತೆಯ ತೋಟೆಗಳನ್ನಿಟ್ಟು ನೋಡಬೇಕು: ಒಂದರ ಮೇಲೆ ಬೋಲ್ಟು ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು.

ನಳಿಗೆಯನ್ನು ಬಿಗಿದ ಮೇಲೆ ಈ ಕೆಲಸವು ಬಹುಮಟ್ಟಿಗೆ ಮರೆಯಾಗುತ್ತದೆ. ಕೋವಿಯ ಯಜಮಾನನು ಅದನ್ನು ಕಾಣಲಾರನು. ಕಡೆಯದೆ ಕಡೆದೆನೆಂದು ಹೇಳಿದರೂ ಅವನು ನಂಬುವನು. ಗುಂಡು ತಪ್ಪಿದರೆ ಗಾಳಿಯನ್ನೋ ತನ್ನ ಕೈಯನ್ನೋ ದೂರುವನು.

ಹೀಗಿರಲಾಗಿ, ಕಾರ್ಖಾನೆಯ ಓರೆಗೂ ಇವನು ಬಿಟ್ಟ ಓರೆಗೂ ಭೇದವೇನು? ಅಳೆದರೆ ಎರಡೂ ಅಷ್ಟೇ ಇರಬಹುದು. ಆದರೆ ಕಾರ್ಖಾನೆಯು ಆ ಕ್ರಯಕ್ಕೆ ಸಾಲುವ ಕೋವಿಯನ್ನು ಕೊಡುವೆನೆಂದಿತು, ಕೊಟ್ಟಿತು. ಇವನಾದರೋ ಆ ಓರೆಯನ್ನು ತೆಗೆಯುವೆನೆಂದು ಮಾತುಕೊಟ್ಟೇ ಹಣ ತೆಗೆದುಕೊಂಡನು. ದೋಷವು ಓರೆಯ ಅಳತೆಯಲ್ಲಿಲ್ಲ, ಕೊಟ್ಟ ಮಾತಿನಲ್ಲಿದೆ. ಇನ್ನು ಕಡೆದರೆ ಅಪಾಯವೆಂದು ಕಂಡವನು, “ಇಷ್ಟೇ ಮಾಡಿದೆನು, ಇಷ್ಟು ಉಳಿದಿದೆ” ಎಂದು ಹೇಳಿ ಅದಕ್ಕೆ ತಕ್ಕ ಕೂಲಿಯನ್ನು ಕೇಳಿದರೆ, ಓರೆ ಉಳಿದರೂ ಅವನು ನೆಟ್ಟಗಿನ ಮನುಷ್ಯನೇ.

ಅಡಿಪಾಯವನ್ನು ಹಾಕುವವನಿಗೂ ಬೀಜವನ್ನು ಮಾರುವವನಿಗೂ ಇದೇ ನ್ಯಾಯ. ನೋಡಲಾರದವನು ನಮ್ಮನ್ನು ನಂಬುವಾಗ, ಅವನ ಕಣ್ಣಿನ ಕೆಲಸವನ್ನೂ ನಾವೇ ಮಾಡತಕ್ಕದ್ದು.