ಯಾರೋ ಇಟ್ಟು ಹೋದ ಮರ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಕವಿತೆಗಳಿಗೆಂದೇ ಒಂದು ಗ್ರಂಥಾಲಯವಿದೆ. 2011ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಸಿಬ್ಬಂದಿಗೆ ಗ್ರಂಥಾಲಯದ ಒಳಗೇ ಒಂದು ಪುಟ್ಟ ಮರ ಸಿಕ್ಕಿತು. ಹಳೆಯ ಪುಸ್ತಕವೊಂದರ ಮೇಲೆ ಎದ್ದು ನಿಂತ ಮರ. ಕಾಂಡ, ಕೊಂಬೆ, ಎಲೆ ಎಲ್ಲವೂ ಕಾಗದದ್ದೇ. ಪಕ್ಕದಲ್ಲಿ ಕಾಗದದ್ದೇ ಒಂದು ಮೊಟ್ಟೆ, ಒಳಮೈಗೆ ಚಿನ್ನದ ಲೇಪ. ಜೊತೆಗೆ ಚೆಲ್ಲಿದಂತೆ ಬಿದ್ದಿದ್ದ ಒಂದಷ್ಟು ಪದಗಳು. ಅವನ್ನು ಜೋಡಿಸುತ್ತ ಹೋದರೆ ಎಡ್ವಿನ್ ಮಾರ್ಗನ್ ಅವರ ಒಂದು ಕವಿತೆ ಆಗುತ್ತಿತ್ತು. ಆ ಕವಿ ತೀರಿಕೊಂಡು ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಒಂದು ಚೀಟಿಯೂ ಇತ್ತು. ಗ್ರಂಥಾಲಯವೆಂದರೆ ಪುಸ್ತಕ ತುಂಬಿಟ್ಟ ಕಟ್ಟಡ ಮಾತ್ರವಲ್ಲ, ಅದಕ್ಕೂ ಮಿಗಿಲಾದದ್ದು, ಆ ನಂಬಿಕೆಯಿಂದ ಇದು ನಿಮಗೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಮಾಡಿದವರ ಹೆಸರಿರಲಿಲ್ಲ.

ಖರ್ಚು ಕಡಿತದ ಕಾರಣಕ್ಕೆ ಬ್ರಿಟನ್ನಿನ ಎಷ್ಟೋ ಊರುಗಳ ಗ್ರಂಥಾಲಯಗಳಿಗೆ ಬೀಗ ಬೀಳುವ ಭಯವಿದ್ದ ಕಾಲ ಅದು. ಅದೇ ವರ್ಷ ಎಡಿನ್‌ಬರೋದ ಬೇರೆ ಬೇರೆ ಕಡೆ ಇಂಥವೇ ಇನ್ನಷ್ಟು ಕಾಣಿಸಿಕೊಂಡವು. ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಗ್ರಾಮಫೋನ್, ಕತೆ ಹೇಳುವವರ ಕೇಂದ್ರದಲ್ಲಿ ಗೂಡಿನೊಳಗೆ ಕೂತ ಒಂದು ಡ್ರ್ಯಾಗನ್, ವಸ್ತುಸಂಗ್ರಹಾಲಯದಲ್ಲಿ ಕಾನನ್ ಡಾಯ್ಲ್ ಅವರ ಕಾದಂಬರಿಯ ಪುಟಗಳನ್ನು ಸೀಳಿಕೊಂಡು ಹೊರಬರುವ ಡೈನೋಸಾರ್. ಒಟ್ಟು ಹತ್ತು. ಹತ್ತನೆಯದು ಮತ್ತೆ ಕವಿತೆಯ ಗ್ರಂಥಾಲಯಕ್ಕೇ ಬಂತು. ಅದರ ಜೊತೆಗಿದ್ದ ಚೀಟಿಯಿಂದ ಒಂದು ಸಂಗತಿ ತಿಳಿಯಿತು: ಮಾಡಿದಾಕೆ ಒಬ್ಬ ಹೆಂಗಸು, ಪುಸ್ತಕ ಕತ್ತರಿಸಿ ಕಲಾಕೃತಿ ಮಾಡಿದ್ದು ಆಕೆಗೆ ಇದೇ ಮೊದಲು. ಯಾರಿರಬಹುದೆಂದು ಹುಡುಕಿದವರಿದ್ದರು, ಆದರೆ ಹೆಚ್ಚಿನವರು ತಿಳಿಯದೇ ಇರಲು ಒಪ್ಪಿಕೊಂಡರು, ತನಗೆ ಬೇಕಾಗಿದ್ದುದೂ ಅದೇ ಎಂದು ಆಕೆ ಬರೆದಿದ್ದಳು.

ತಿಳಿಯದೇ ಇರಲು ಒಪ್ಪಿಕೊಂಡ ಆ ಊರಿನವರ ಬಗ್ಗೆ ನನಗೆ ತುಂಬ ಗೌರವ. ಕೊಟ್ಟವರ ಹೆಸರು ಗೊತ್ತಾದ ಕೂಡಲೇ ನಮ್ಮ ಮನಸ್ಸು ಲೆಕ್ಕಕ್ಕೆ ಕೂರುತ್ತದೆ. ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ ಯಾರು ಎಷ್ಟು ಹಾಕಿದರೆಂದು ಬರೆದಿಟ್ಟು ನಾಳೆ ಅಷ್ಟನ್ನೇ ತೀರಿಸುತ್ತೇವಲ್ಲ, ಹಾಗೆ. ಅದು ಸಂಬಂಧ ಉಳಿಸಿಕೊಳ್ಳುವ ಒಂದು ದಾರಿ, ತಪ್ಪೆನ್ನಲಾರೆ. ಆದರೆ ಹೆಸರೇ ಇಲ್ಲದಾಗ ತೀರಿಸುವುದು ಯಾರಿಗೆ? ಕೈಯಲ್ಲಿರುವ ವಸ್ತುವನ್ನೇ ನೋಡಬೇಕು. ಎಲೆಯ ಅಂಚನ್ನು ಎಷ್ಟು ನಾಜೂಕಾಗಿ ಕತ್ತರಿಸಿದ್ದಾರೆ, ಮೊಟ್ಟೆಯ ಒಳಮೈಗೂ ಯಾಕೆ ಚಿನ್ನ ಬಳಿದಿದ್ದಾರೆ ಎಂದು ನೋಡುತ್ತ ನಿಲ್ಲಬೇಕು.

ಹಾಗೆಂದು ಹೆಸರು ಕೆತ್ತಿದವರು ಸಣ್ಣವರೇನಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದ ಗೋಡೆಯ ಮೇಲೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಆ ಅಕ್ಷರಗಳ ಮುಂದೆ ನಿಂತಾಗ, ಈ ಕಲ್ಲಿಗೂ ಒಬ್ಬ ಮನುಷ್ಯನ ಬೆವರು ತಗುಲಿತ್ತಲ್ಲ ಎಂದು ಜೀವ ಹಿಗ್ಗುತ್ತದೆ. ಅವರದು ಜೀವನವೃತ್ತಿ, ಹೆಸರು ಅವರ ಹಕ್ಕು. ಎಡಿನ್‌ಬರೋದ ಆ ಹೆಂಗಸಿನ ಕೆಲಸವೇ ಬೇರೆ. ಓದುವ ಜಾಗ ಕೊಟ್ಟ ಊರಿಗೆ ಆಕೆ ಹೇಳಿದ ಕೃತಜ್ಞತೆ ಅದು. ಕೃತಜ್ಞತೆ ಹೇಳುವಾಗ ಎದುರಿಗಿರುವವರ ಹೆಸರು ಮುಖ್ಯ, ನಮ್ಮದಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಆಕೆಯ ಶ್ರದ್ಧೆ. ಬ್ಲೇಡು ಹಿಡಿದು ಕಾಗದದಲ್ಲಿ ಸಣ್ಣ ಎಲೆ ಬಿಡಿಸಲು ಹೋದವರಿಗೆ ಗೊತ್ತು: ತುಸು ಒತ್ತಿದರೆ ತೊಟ್ಟು ಹರಿಯುತ್ತದೆ, ಅಂಟು ಹೆಚ್ಚಾದರೆ ಕಾಗದ ಮುದುರುತ್ತದೆ, ಕೈ ಬೆವತರೆ ಅಚ್ಚಿನ ಮಸಿಯೂ ಮೆತ್ತುತ್ತದೆ. ಅಷ್ಟೆಲ್ಲ ಕಷ್ಟಪಟ್ಟು ಮಾಡಿದ್ದನ್ನು ಇಟ್ಟು ಬೆನ್ನು ತಿರುಗಿಸಿದ ಮೇಲೆ ಏನಾದೀತೆಂದು ಯಾರಿಗೆ ಗೊತ್ತು? ಕಸವೆಂದು ಗುಡಿಸಿ ಹಾಕಬಹುದಿತ್ತು. ಮಗುವೊಂದು ಕಿತ್ತು ಆಡಬಹುದಿತ್ತು. ಅದಕ್ಕೆ ಸಿದ್ಧವಾಗಿಯೂ ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲವಲ್ಲ, ಅದು ದೊಡ್ಡದು. ನೋಡುವವರಿದ್ದಾರೆ ಎಂದಾಗ ಚೆನ್ನಾಗಿ ಮಾಡುವುದು ನಮಗೆಲ್ಲ ಬರುತ್ತದೆ.

ಇಷ್ಟು ಶ್ರದ್ಧೆಯಿಂದ ಮಾಡಲು ಕಲಾವಿದರೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣು ನಾದಿ ಜೋಡೆತ್ತು ಮಾಡುತ್ತಾರೆ. ಕಾಲು ಗಟ್ಟಿ ನಿಲ್ಲುವಂತೆ ಒತ್ತಿ, ಬೆನ್ನ ಮೇಲಿನ ಇಣಿ ಎದ್ದು ಕಾಣುವಂತೆ ತಿದ್ದಿ, ಕೋಡು ಚೂಪು ಮಾಡಿ, ಮುಂದೆ ಮೇವು ಹಾಕುವ ಒಂದು ಗ್ವಾದಲಿಯನ್ನೂ ಇಡುತ್ತಾರೆ. ಯಾವ ಶಾಲೆಯಲ್ಲೂ ಕಲಿತದ್ದಲ್ಲ. ನಮ್ಮ ಕೈಗೆ ಮಣ್ಣಿನ ಪರಿಚಯ ಇದ್ದೇ ಇದೆ. ಬಹಳ ದಿನದಿಂದ ಮುಟ್ಟಿಲ್ಲ, ಅಷ್ಟೆ.

ಇವತ್ತು ಬೆಳಿಗ್ಗೆ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಬಿಡುವಾದಾಗ ಒಂದು ಹಿಡಿ ಮಣ್ಣು ತನ್ನಿ. ಪ್ಲಾಸ್ಟರ್, ಪ್ಲಾಸ್ಟಿಕ್ ಬೇಡ. ಮಳೆ ಬಿದ್ದರೆ ಕರಗಿ ಮಣ್ಣಿಗೇ ಸೇರುವಂಥದ್ದಾಗಲಿ. ಒಂದು ಗುಬ್ಬಿ, ಒಂದು ಎತ್ತು, ನಿಮಗೆ ಬಂದದ್ದನ್ನು ಮಾಡಿ. ಓರೆಯಾದರೆ ಕೆಡಿಸಿ ಮತ್ತೆ ಮಾಡಿ, ಅವಸರ ಬೇಡ. ಒಣಗಿದ ಮೇಲೆ ನಿಮ್ಮೂರ ಗ್ರಂಥಾಲಯದ ಕಿಟಕಿಯ ಬಳಿಯೋ, ಬಸ್ ನಿಲ್ದಾಣದ ಕಟ್ಟೆಯ ಮೇಲೋ, ಆಸ್ಪತ್ರೆಯಲ್ಲಿ ಜನ ಕಾದು ಕೂರುವ ಬೆಂಚಿನ ಪಕ್ಕವೋ, ಯಾರಿಗೂ ತೊಡಕಾಗದ ಕಡೆ ಇಟ್ಟು ಬನ್ನಿ. ಫೋಟೋ ತೆಗೆಯಬೇಡಿ, ಮನೆಯವರಿಗೂ ಹೇಳಬೇಡಿ. ಮರುದಿನ ಅದು ಅಲ್ಲಿದೆಯೋ ಇಲ್ಲವೋ ಎಂದು ನೋಡಲೂ ಹೋಗಬೇಡಿ.